ಹಿಂಗಾಲಿನಲ್ಲಿ ವಿಷ, ಹೊಳೆಯಲ್ಲಿ ಮನೆ

ಆಸ್ಟ್ರೇಲಿಯಾದ ಇಪ್ಪತ್ತು ಸೆಂಟ್ ನಾಣ್ಯವನ್ನು ಮಗುಚಿ ನೋಡಿದರೆ ಅಲ್ಲೊಂದು ವಿಚಿತ್ರ ಪ್ರಾಣಿ ಕಾಣುತ್ತದೆ. ಬಾತುಕೋಳಿಯ ಕೊಕ್ಕು, ನೀರುನಾಯಿಯಂಥ ಮೈ, ಚಪ್ಪಟೆ ಬಾಲ, ಬೆರಳುಗಳ ನಡುವೆ ಜಾಲ. 1966ರಿಂದ ಆ ನಾಣ್ಯದ ಮೇಲೆ ಈಜುತ್ತಿರುವ ಈ ಪ್ರಾಣಿಯೇ ಪ್ಲಾಟಿಪಸ್. ‘ಮೊಟ್ಟೆ ಇಡುವ ಸಸ್ತನಿ ಯಾವುದು?’ ಎಂಬ ಪ್ರಶ್ನೆಗೆ ಶಾಲೆಯ ಮಕ್ಕಳೆಲ್ಲ ಥಟ್ಟನೆ ಇದರ ಹೆಸರು ಹೇಳುತ್ತಾರೆ. ಅದರ ಇನ್ನೊಂದು ಗುಟ್ಟು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ಹಾವಿಗೆ ಹಲ್ಲಿನಲ್ಲಿ ವಿಷ, ಚೇಳಿಗೆ ಬಾಲದಲ್ಲಿ ವಿಷ ಎಂಬುದು ನಮ್ಮವರೆಲ್ಲ ಬಲ್ಲ ಮಾತು. ಗಂಡು ಪ್ಲಾಟಿಪಸ್‌ಗೆ ವಿಷ ಇರುವುದು ಹಿಂಗಾಲಿನಲ್ಲಿ!

ಪ್ಲಾಟಿಪಸ್ ಇಡೀ ಆಸ್ಟ್ರೇಲಿಯಾದಲ್ಲಿ ಕಾಣಸಿಗುವ ಪ್ರಾಣಿಯಲ್ಲ. ಪೂರ್ವ ಕರಾವಳಿಯ ಹಿಂದಿನ ಹೊಳೆಗಳು ಮತ್ತು ಟಾಸ್ಮೇನಿಯಾ ದ್ವೀಪ, ಇವಿಷ್ಟೇ ಅದರ ಸಹಜ ನೆಲೆ. ಬಹಳ ಸಂಕೋಚದ ಜೀವಿ. ಹಗಲು ದಂಡೆಯ ಬಿಲದಲ್ಲಿ ಅಡಗಿದ್ದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ ನೀರಿಗಿಳಿಯುತ್ತದೆ. ಹೊಳೆಯ ಪಕ್ಕದಲ್ಲೇ ಬಾಳಿದ ಎಷ್ಟೋ ಆಸ್ಟ್ರೇಲಿಯನ್ನರು ಅದನ್ನು ಒಮ್ಮೆಯೂ ಕಂಡಿರುವುದಿಲ್ಲ. ಹಾಗಿದ್ದೂ ಅದು ಹೆಚ್ಚುಕಡಿಮೆ ಖಾತ್ರಿಯಾಗಿ ಕಾಣಸಿಗುವ ಒಂದು ಜಾಗವಿದೆ. ಅದು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಯಂಗೆಲ್ಲಾ ರಾಷ್ಟ್ರೀಯ ಉದ್ಯಾನದೊಳಗೆ ಹರಿಯುವ ಬ್ರೋಕನ್ ನದಿ.

ಮೋಡ ಕವಿಯುವ ಬೆಟ್ಟ

ಯಂಗೆಲ್ಲಾಕ್ಕೆ ಹೋಗುವವರು ಮೊದಲು ಮಕಾಯ್ ಎಂಬ ಕರಾವಳಿ ಪಟ್ಟಣ ಸೇರಬೇಕು. ಬ್ರಿಸ್ಬೇನ್‌ನಿಂದ ಉತ್ತರಕ್ಕೆ ರಸ್ತೆಯಲ್ಲಿ ಸಾವಿರ ಕಿ.ಮೀ.ಗೆ ಸ್ವಲ್ಪ ಕಡಿಮೆ. ಇದು ಸಕ್ಕರೆಯ ಸೀಮೆ. ಪಯೋನಿಯರ್ ನದಿಯ ಕಣಿವೆಯುದ್ದಕ್ಕೂ ಕಬ್ಬಿನ ಗದ್ದೆಗಳು. ಕಟಾವಿನ ಕಾಲದಲ್ಲಿ ಕಬ್ಬು ತುಂಬಿದ ಪುಟ್ಟ ರೈಲುಗಳು ಕಿರಿದಾದ ಹಳಿಗಳ ಮೇಲೆ ಕಾರ್ಖಾನೆಯತ್ತ ಸಾಗುತ್ತವೆ. ಮಿರಾನಿ, ಫಿಂಚ್ ಹ್ಯಾಟನ್ ಮುಂತಾದ ಸಣ್ಣ ಊರುಗಳನ್ನು ದಾಟಿದ ಮೇಲೆ ಕ್ಲಾರ್ಕ್ ಬೆಟ್ಟಸಾಲು ಗೋಡೆಯಂತೆ ಎದುರು ನಿಲ್ಲುತ್ತದೆ. ಅಲ್ಲಿಂದ ರಸ್ತೆ ತಿರುವಿನ ಮೇಲೆ ತಿರುವು ತೆಗೆದುಕೊಂಡು ಕಡಿದಾದ ಏರು ಹತ್ತುತ್ತದೆ. ಕೆಳಗೆ ಬೆವರು ಸುರಿಸಿದವರು ಮೇಲೆ ಬಂದು ಸ್ವೆಟರ್ ಹುಡುಕುತ್ತಾರೆ!

ಮಕಾಯ್‌ಯಿಂದ ಪಶ್ಚಿಮಕ್ಕೆ ಸುಮಾರು 80 ಕಿ.ಮೀ. ದೂರದ ಯಂಗೆಲ್ಲಾ ಬೆಟ್ಟದ ನೆತ್ತಿಯ ಒಂದು ಹಳ್ಳಿ. ಮೂಲನಿವಾಸಿಗಳ ಭಾಷೆಯಲ್ಲಿ ಆ ಹೆಸರಿಗೆ ‘ಮೋಡಗಳು ತಗ್ಗಿ ಕವಿಯುವ ನಾಡು’ ಎಂಬ ಅರ್ಥವಂತೆ. ಹೆಸರು ತಕ್ಕದ್ದೇ. ಈ ಸೀಮೆಯ ಅತಿ ಎತ್ತರದ ಶಿಖರ ಮೌಂಟ್ ಡಾಲ್ರಿಂಪಲ್ 1,259 ಮೀಟರ್ ಇದೆ. ಸಮುದ್ರದಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮಂಜಾಗಿ, ಮಳೆಯಾಗಿ ಇಳಿಯುತ್ತದೆ. ದಟ್ಟ ಮಳೆಕಾಡು ಬೆಳೆದಿದೆ. ಹಳ್ಳಿಯಿಂದ ಆರೇಳು ಕಿ.ಮೀ. ಒಳಗೆ ಹೋದರೆ ಬ್ರೋಕನ್ ನದಿಯ ಸೇತುವೆ ಸಿಗುತ್ತದೆ. ನದಿ ಎಂದು ಹೆಸರಾದರೂ ಇಲ್ಲಿ ಅದು ಅಗಲವಾದ ಹಳ್ಳದಷ್ಟೇ. ತಿಳಿನೀರಿನ ಮಡುಗಳು, ನೀರಿನ ಮೇಲೆ ಬಾಗಿದ ಮರಗಳು, ದಿಮ್ಮಿಗಳ ಮೇಲೆ ಬಿಸಿಲು ಕಾಯಿಸುವ ಆಮೆಗಳು. ದಂಡೆಯಲ್ಲಿ ಪ್ರವಾಸಿಗರು ನಿಂತು ನೋಡಲು ಮರದ ಅಟ್ಟಣಿಗೆಗಳಿವೆ.

ಸೂರ್ಯ ಹುಟ್ಟುವ ಮುನ್ನ ಈ ಅಟ್ಟಣಿಗೆಗಳ ಮೇಲೆ ಜನ ಬಂದು ಸೇರುತ್ತಾರೆ. ಯಾರೂ ಜೋರಾಗಿ ಮಾತಾಡುವಂತಿಲ್ಲ. ಕಾಲು ಅಪ್ಪಳಿಸಿದರೂ ಪ್ರಾಣಿ ಮಾಯ. ಎಲ್ಲರ ಕಣ್ಣೂ ನೀರಿನ ಮೇಲೆ ಏಳುವ ಗುಳ್ಳೆಗಳನ್ನು ಹುಡುಕುತ್ತಿರುತ್ತದೆ. ಗುಳ್ಳೆಗಳ ಸಾಲು ಕಂಡರೆ ಕೆಳಗೆ ಪ್ಲಾಟಿಪಸ್ ಕೆಸರು ಕೆದಕುತ್ತಿದೆ ಎಂದರ್ಥ. ಒಂದರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಆಮೇಲೆ ‘ಪುಳಕ್’ ಎಂದು ಅದು ಮೇಲೆ ಬರುತ್ತದೆ. ಬಂದ ಹೊಸಬರು ಮೊದಲು ಅಚ್ಚರಿಪಡುವುದು ಅದರ ಗಾತ್ರಕ್ಕೆ. ಚಿತ್ರಗಳಲ್ಲಿ ನೋಡಿ ನಾಯಿಯಷ್ಟಿರಬಹುದು ಎಂದುಕೊಂಡವರಿಗೆ ಕಾಣುವುದು ಮೊಳದುದ್ದದ ಜೀವಿ. ಗಂಡು ಸುಮಾರು 50 ಸೆಂ.ಮೀ., ಹೆಣ್ಣು ಅದಕ್ಕಿಂತ ಚಿಕ್ಕದು. ತೂಕ ಒಂದೆರಡು ಕಿಲೋ ಅಷ್ಟೇ.

ನೀರಿನೊಳಗೆ ಅದು ಕಣ್ಣು, ಕಿವಿ, ಮೂಗಿನ ಹೊಳ್ಳೆ ಮೂರನ್ನೂ ಮುಚ್ಚಿಕೊಂಡಿರುತ್ತದೆ. ಹಾಗಾದರೆ ಆಹಾರ ಹುಡುಕುವುದು ಹೇಗೆ? ಕೊಕ್ಕಿನಿಂದ. ಅದು ಹಕ್ಕಿಯ ಕೊಕ್ಕಿನಂತೆ ಗಟ್ಟಿಯಲ್ಲ. ಮೆತ್ತಗಿನ ಚರ್ಮ ಹೊದ್ದ ಸೂಕ್ಷ್ಮ ಅಂಗ. ಸುಮಾರು 40,000 ವಿದ್ಯುತ್ ಗ್ರಾಹಕಗಳು ಅದರಲ್ಲಿವೆ. ಸೀಗಡಿಯೋ ಹುಳುವೋ ಮೈ ಕೊಡವಿದಾಗ ಅದರ ಸ್ನಾಯುಗಳಿಂದ ಹೊಮ್ಮುವ ಅತಿ ಕ್ಷೀಣ ವಿದ್ಯುತ್ತನ್ನು ಕೊಕ್ಕು ಗುರುತಿಸುತ್ತದೆ. ಈ ಶಕ್ತಿ ವಿಜ್ಞಾನಿಗಳಿಗೆ ಖಚಿತವಾದದ್ದು 1986ರಲ್ಲಿ. ಸಿಕ್ಕಿದ್ದನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಮೇಲೆ ಬಂದು ಅರೆದು ನುಂಗುತ್ತದೆ. ಬೆಳೆದ ಪ್ಲಾಟಿಪಸ್‌ಗೆ ಹಲ್ಲೇ ಇಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೊಲಿದ ಚರ್ಮವೇ?

ಮೂಲನಿವಾಸಿಗಳಿಗೆ ಪ್ಲಾಟಿಪಸ್ ಸಾವಿರಾರು ವರ್ಷಗಳ ಪರಿಚಯದ ಪ್ರಾಣಿ. ಹೆಣ್ಣು ಬಾತುಕೋಳಿ ಮತ್ತು ನೀರಿಲಿಯ ಸಂತಾನ ಅದು ಎಂಬ ಕತೆಯೇ ಅವರಲ್ಲಿ ಇದೆ. ಯುರೋಪಿನವರಿಗೆ ಅದು ಗೊತ್ತಾದದ್ದು 18ನೇ ಶತಮಾನದ ಕೊನೆಯಲ್ಲಿ. ಸಿಡ್ನಿ ಬಳಿಯ ಹಾಕ್ಸ್‌ಬರಿ ನದಿ ಸೀಮೆಯಲ್ಲಿ ಸಿಕ್ಕ ಪ್ರಾಣಿಯ ಚರ್ಮವನ್ನು ಗವರ್ನರ್ ಜಾನ್ ಹಂಟರ್ 1798ರಲ್ಲಿ ಇಂಗ್ಲೆಂಡಿಗೆ ಕಳಿಸಿದರು. 1799ರಲ್ಲಿ ಜಾರ್ಜ್ ಷಾ ಎಂಬ ವಿಜ್ಞಾನಿ ಪ್ಲಾಟಿಪಸ್‌ನ ಮೊದಲ ವೈಜ್ಞಾನಿಕ ವಿವರಣೆ ಬರೆದರು. ಯಾರೋ ಕಿಲಾಡಿಗಳು ಪ್ರಾಣಿಯ ಚರ್ಮಕ್ಕೆ ಬಾತಿನ ಕೊಕ್ಕು ಹೊಲಿದಿರಬಹುದು ಎಂಬ ಗುಮಾನಿ ಅವರನ್ನೂ ಕಾಡಿತ್ತು!

ಹೊಲಿಗೆ ಸಿಗಲಿಲ್ಲ. ಜಗಳ ಮಾತ್ರ ಶುರುವಾಯಿತು. ಇದು ಮೊಟ್ಟೆ ಇಡುತ್ತದೆಯೇ, ಮರಿ ಹಾಕುತ್ತದೆಯೇ? ಮೊಟ್ಟೆ ಇಡುತ್ತದೆಂದು ಮೂಲನಿವಾಸಿಗಳು ಹೇಳುತ್ತಲೇ ಇದ್ದರು. ಪಂಡಿತರು ನಂಬಲಿಲ್ಲ. ಕೊನೆಗೆ 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಎಂಬ ತರುಣ ವಿಜ್ಞಾನಿ ಕ್ವೀನ್ಸ್‌ಲ್ಯಾಂಡಿನ ಬರ್ನೆಟ್ ನದಿಯ ದಂಡೆಯಲ್ಲಿ ಮೂಲನಿವಾಸಿಗಳ ನೆರವಿನಿಂದಲೇ ಹುಡುಕಿ, ಮೊಟ್ಟೆ ಇಡುವುದು ನಿಜವೆಂದು ತಂತಿ ಕಳಿಸಿದರು. ಒಂದು ಸರಳ ಸಂಗತಿ ಇತ್ಯರ್ಥವಾಗಲು 85 ವರ್ಷ ಬೇಕಾಯಿತು.

ವಿಷದ ಕತೆಯೂ ಇದಕ್ಕಿಂತ ಭಿನ್ನವಲ್ಲ. ಗಂಡಿನ ಹಿಂಗಾಲಿನ ಮುಳ್ಳನ್ನು ಅಂಗರಚನಾ ಶಾಸ್ತ್ರಜ್ಞರು 19ನೇ ಶತಮಾನದ ಆರಂಭದಲ್ಲೇ ವರ್ಣಿಸಿದರು. ತುಪ್ಪಳಕ್ಕಾಗಿ ಪ್ಲಾಟಿಪಸ್‌ಗಳನ್ನು ಕೊಲ್ಲುತ್ತಿದ್ದ ಆ ಕಾಲದಲ್ಲಿ ಚುಚ್ಚಿಸಿಕೊಂಡು ನರಳಿದವರಿದ್ದರು. ಬೇಟೆನಾಯಿಗಳು ಸತ್ತ ವರದಿಗಳೂ ಇವೆ. ಆದರೂ ಸಸ್ತನಿಗೆ ವಿಷ ಎಲ್ಲಿಂದ ಬಂತು ಎಂದು ತಲೆಯಾಡಿಸಿದವರೇ ಹೆಚ್ಚು. ಇದಕ್ಕೊಂದು ಕಾರಣವೂ ಇತ್ತು. ಕೆಲವರು ಪರೀಕ್ಷಿಸಿದಾಗ ಗ್ರಂಥಿಯಲ್ಲಿ ವಿಷ ತುಂಬಿರುತ್ತಿತ್ತು. ಇನ್ನು ಕೆಲವರಿಗೆ ಬತ್ತಿದ ಗ್ರಂಥಿ ಸಿಗುತ್ತಿತ್ತು. 1895ರಲ್ಲಿ ಸಿಡ್ನಿಯಲ್ಲಿ ಮಾರ್ಟಿನ್ ಮತ್ತು ಟಿಡ್ಸ್‌ವೆಲ್ ಎಂಬ ಇಬ್ಬರು ವಿಜ್ಞಾನಿಗಳು ಈ ದ್ರವವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅದು ವಿಷವೆಂಬುದನ್ನು ತೋರಿಸಿದರು. ಗ್ರಂಥಿ ಒಮ್ಮೆ ತುಂಬಿ ಒಮ್ಮೆ ಬತ್ತುವುದೇಕೆ ಎಂಬ ಪ್ರಶ್ನೆಯಲ್ಲೇ ಇಡೀ ಒಗಟಿನ ಉತ್ತರ ಅಡಗಿತ್ತು.

ಕಾಲುಮುಳ್ಳಿನ ಒಳಗುಟ್ಟು

ಗಂಡಿನ ಎರಡೂ ಹಿಂಗಾಲುಗಳ ಹಿಮ್ಮಡಿಯ ಒಳಬದಿಯಲ್ಲಿ ಸುಮಾರು ಒಂದೂವರೆ ಸೆಂ.ಮೀ. ಉದ್ದದ ಚೂಪಾದ ಮುಳ್ಳಿದೆ. ಹುಂಜದ ಕಾಲಿನ ಮುಳ್ಳನ್ನು ನೆನಪಿಸಿಕೊಂಡರೆ ಸಾಕು. ಆದರೆ ಇದು ಒಳಗೆ ಟೊಳ್ಳು, ಡಾಕ್ಟರ ಇಂಜೆಕ್ಷನ್ ಸೂಜಿಯಂತೆ. ತೊಡೆಯಲ್ಲಿ ಮೂತ್ರಪಿಂಡದ ಆಕಾರದ ವಿಷಗ್ರಂಥಿ ಇದೆ. ಅಲ್ಲಿಂದ ಒಂದು ನಾಳ ಇಳಿದು ಬಂದು ಮುಳ್ಳಿಗೆ ಸೇರುತ್ತದೆ. ಬೇಡವಾದಾಗ ಮುಳ್ಳು ಕಾಲಿಗೆ ಒರಗಿ ಮಲಗಿರುತ್ತದೆ. ಬೇಕಾದಾಗ ನೆಟ್ಟಗೆ ನಿಲ್ಲುತ್ತದೆ. ಪ್ಲಾಟಿಪಸ್ ಎರಡೂ ಹಿಂಗಾಲುಗಳಿಂದ ಎದುರಾಳಿಯನ್ನು ಇಕ್ಕಳದಂತೆ ಅವುಚಿ ಹಿಡಿದು ಮುಳ್ಳುಗಳನ್ನು ಒತ್ತಿಬಿಡುತ್ತದೆ.

ಮನುಷ್ಯರು ಇದರಿಂದ ಸತ್ತ ದಾಖಲೆ ಇಲ್ಲ. ನೋವು ಮಾತ್ರ ವರ್ಣಿಸಲಾಗದ್ದು. 1991ರಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡಿನ ಒಬ್ಬ ಮಾಜಿ ಸೈನಿಕ, ಸಂಕಷ್ಟಕ್ಕೆ ಸಿಕ್ಕಿದ್ದ ಪ್ಲಾಟಿಪಸ್ಸನ್ನು ಕಾಪಾಡಲು ಹೋಗಿ ಕೈಗೆ ಚುಚ್ಚಿಸಿಕೊಂಡರು. ಯುದ್ಧದಲ್ಲಿ ಸಿಡಿಗುಂಡಿನ ಚೂರು ತಗುಲಿದ್ದಕ್ಕಿಂತ ಈ ನೋವು ಹೆಚ್ಚು ಎಂದು ಆತ ಹೇಳಿದರು. ವೈದ್ಯರು ಮಾರ್ಫಿನ್ ಕೊಟ್ಟರೂ ನೋವು ಜಗ್ಗಲಿಲ್ಲ. ಆ ಭಾಗದ ನರಕ್ಕೇ ಮರಗಟ್ಟಿಸುವ ಮದ್ದು ಚುಚ್ಚಿದ ಮೇಲೆ ತಹಬಂದಿಗೆ ಬಂತು. ಕೈ ಬಾತುಕೊಂಡು, ಮೊದಲಿನಂತಾಗಲು ತಿಂಗಳುಗಳೇ ಹಿಡಿದವು. ಈ ಪ್ರಕರಣದ ವಿವರ 1992ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ವಿಷಕ್ಕೆ ಪ್ರತಿವಿಷವಿಲ್ಲ.

ಯಾರ ಮೇಲೆ ಈ ಆಯುಧ?

ಸಿಗಡಿ ತಿಂದು ಬದುಕುವ ಸಾಧು ಪ್ರಾಣಿಗೆ ಇಂಥ ಆಯುಧ ಏಕೆ ಬಂತು? ಇಲ್ಲೊಂದು ಎಚ್ಚರಿಕೆ ಬೇಕು. ಜೀವವಿಕಾಸಕ್ಕೆ ಮುಂದಾಲೋಚನೆ ಇಲ್ಲ. ‘ಮುಂದೆ ಬೇಕಾದೀತು’ ಎಂದು ಯಾವ ಪ್ರಾಣಿಯೂ ವಿಷ ಕೂಡಿಡಲಿಲ್ಲ. ಯಾವ ಗುಣ ಇದ್ದವರಿಗೆ ಹೆಚ್ಚು ಮರಿಗಳು ಉಳಿದವೋ ಆ ಗುಣ ತಲೆಮಾರಿನಿಂದ ತಲೆಮಾರಿಗೆ ಹಬ್ಬಿತು, ಅಷ್ಟೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಈ ವಿಷದಿಂದ ಯಾರಿಗೆ, ಯಾವಾಗ ಲಾಭವಾಗುತ್ತದೆ?

ಮೊದಲ ಊಹೆ, ಬೇಟೆಗಾಗಿ. ಹಾವಿನ ವಿಷ ಮುಖ್ಯವಾಗಿ ಬೇಟೆಗೇ ತಾನೆ? ಆದರೆ ಪ್ಲಾಟಿಪಸ್‌ನ ಆಹಾರ ಕೀಟದ ಮರಿ, ಎರೆಹುಳು, ಸಿಗಡಿ. ಅವನ್ನು ಕೊಲ್ಲಲು ಹಿಂಗಾಲಿನ ವಿಷ ಬೇಕಿಲ್ಲ. ಅದೇ ಹೊಳೆಯಲ್ಲಿ ಅದೇ ಆಹಾರ ತಿನ್ನುವ ಹೆಣ್ಣಿಗೆ ವಿಷವಿಲ್ಲ. ಆಕೆ ಉಪವಾಸ ಬಿದ್ದಿಲ್ಲವಲ್ಲ! ಈ ಊಹೆ ಬಿದ್ದುಹೋಯಿತು.

ಎರಡನೆಯ ಊಹೆ, ಶತ್ರುಗಳಿಂದ ರಕ್ಷಣೆಗಾಗಿ. ಇದು ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಹಿಡಿದವರನ್ನು ಚುಚ್ಚುವುದಂತೂ ನಿಜ. ಆದರೆ ರಕ್ಷಣೆ ಯಾರಿಗೆ ಹೆಚ್ಚು ಬೇಕು? ಬಿಲದಲ್ಲಿ ಒಂಟಿಯಾಗಿ ಮೊಟ್ಟೆ ಇಟ್ಟು, ಹತ್ತು ದಿನ ಅವನ್ನು ಮೈಗವುಚಿ ಕಾವು ಕೊಟ್ಟು, ಮೂರು ನಾಲ್ಕು ತಿಂಗಳು ಹಾಲೂಡಿಸುವವಳು ತಾಯಿ. ಗಂಡು ಸಂಸಾರದ ಕಡೆ ತಿರುಗಿಯೂ ನೋಡುವುದಿಲ್ಲ. ರಕ್ಷಣೆಯೇ ಮುಖ್ಯವಾಗಿದ್ದರೆ ಮುಳ್ಳು ಇರಬೇಕಾದದ್ದು ತಾಯಿಗೆ. ಸ್ವಾರಸ್ಯವೆಂದರೆ, ಎಳೆಯ ಹೆಣ್ಣುಮರಿಗೂ ಮುಳ್ಳಿನ ಮೊಳಕೆ ಇರುತ್ತದೆ. ವರ್ಷ ತುಂಬುವುದರೊಳಗೆ ಅದು ಉದುರಿಹೋಗುತ್ತದೆ.

ಇನ್ನು ಮೂರನೆಯ ಊಹೆ. ಗ್ರಂಥಿ ಯಾವಾಗ ತುಂಬುತ್ತದೆ ಎಂದು ವಿಜ್ಞಾನಿಗಳು ತಿಂಗಳು ತಿಂಗಳೂ ಗಮನಿಸಿದರು. ಅಲ್ಲಿ ಸಿಕ್ಕಿತು ಸುಳಿವು. ವಿಷಗ್ರಂಥಿ ಉಬ್ಬುವುದು ಸಂತಾನ ಋತುವಿನಲ್ಲಿ, ಗಂಡಿನ ವೃಷಣಗಳು ದೊಡ್ಡದಾಗುವ ಹೊತ್ತಿಗೇ. ಋತು ಮುಗಿದರೆ ಎರಡೂ ಕುಗ್ಗುತ್ತವೆ. ಈ ಋತು ಕ್ವೀನ್ಸ್‌ಲ್ಯಾಂಡಿನಲ್ಲಿ ಮೊದಲು ಬರುತ್ತದೆ, ದಕ್ಷಿಣದ ಟಾಸ್ಮೇನಿಯಾದಲ್ಲಿ ತಡವಾಗಿ. ಹೊಳೆಗಳಲ್ಲಿ ಹಿಡಿದು ಪರೀಕ್ಷಿಸಿದ ಗಂಡುಗಳ ಮೈಮೇಲೆ ಮುಳ್ಳು ಚುಚ್ಚಿದ ಗಾಯಗಳು ಸಿಕ್ಕವು. ಕೂಡಿಹಾಕಿದ ಗಂಡುಗಳು ಪರಸ್ಪರ ಚುಚ್ಚಿಕೊಂಡದ್ದೂ ಉಂಟು. ಅಂದಮೇಲೆ ಈ ಆಯುಧದ ಮುಖ್ಯ ಗುರಿ ಹಾವೂ ಅಲ್ಲ, ಹದ್ದೂ ಅಲ್ಲ. ಅದೇ ಮಡುವಿನ ಇನ್ನೊಂದು ಗಂಡು ಪ್ಲಾಟಿಪಸ್!

ಹುಂಜಗಳ ಕಾಳಗ ನೋಡಿದವರಿಗೆ ಇದರಲ್ಲಿ ಹೊಸದೇನಿಲ್ಲ. ಹುಂಜಕ್ಕೆ ಕಾಲುಮುಳ್ಳು, ಗಂಡುಜಿಂಕೆಗೆ ಕೊಂಬು, ಗಂಡು ಪ್ಲಾಟಿಪಸ್‌ಗೆ ವಿಷ. ಹೆಣ್ಣಿಗಾಗಿ, ನೆಲೆಗಾಗಿ ಗಂಡುಗಳ ನಡುವೆ ನಡೆಯುವ ಪೈಪೋಟಿಯಲ್ಲಿ ಗೆದ್ದವನ ಗುಣ ಮುಂದಿನ ಪೀಳಿಗೆಗೆ ಸಾಗುತ್ತದೆ. ಡಾರ್ವಿನ್ ಇದನ್ನು ಲೈಂಗಿಕ ಆಯ್ಕೆ ಎಂದು ಕರೆದರು. ಅವರೂ 1836ರ ಜನವರಿಯಲ್ಲಿ ಸಿಡ್ನಿಯ ಪಶ್ಚಿಮದ ಬೆಟ್ಟಗಳಾಚೆ ವಲ್ಲೆರವಾಂಗ್ ಎಂಬಲ್ಲಿ ಪ್ಲಾಟಿಪಸ್‌ಗಳನ್ನು ಕಂಡಿದ್ದರು.

ಹಾಗಾದರೆ ಕೊಂಬು, ಕೋರೆ ಬಿಟ್ಟು ವಿಷವೇ ಏಕೆ? ಹಲ್ಲಿಲ್ಲ ಎಂಬ ಮಾತನ್ನು ಇಲ್ಲಿ ನೆನೆಯಬೇಕು. ಕಚ್ಚಲು ಹಲ್ಲಿಲ್ಲ. ಮೆತ್ತಗಿನ ಕೊಕ್ಕು ಊಟ ಹುಡುಕುವ ಸಾಧನ. ಅದನ್ನು ಜಗಳಕ್ಕೆ ಒಡ್ಡಿದರೆ ಬದುಕೇ ಕಷ್ಟ. ಕೊಂಬು ಹೊತ್ತು ಇಕ್ಕಟ್ಟಿನ ಬಿಲ ಹೊಗುವಂತಿಲ್ಲ. ಈಜುವಾಗ ನೀರು ತಳ್ಳುವುದು ಮುಂಗಾಲು. ಉಳಿದದ್ದು ಹಿಂಗಾಲು. ಒಂದೆರಡು ಕಿಲೋ ತೂಕದ ಪ್ರಾಣಿಗೆ ಬರಿಯ ಮುಳ್ಳಿನ ಪೆಟ್ಟಿಗಿಂತ ನೋವು ತರುವ ವಿಷ ಬೆರೆತ ಪೆಟ್ಟು ಹೆಚ್ಚು ಪರಿಣಾಮಕಾರಿ. ಎದುರಾಳಿ ಸಾಯಬೇಕಾಗಿಲ್ಲ. ನೋವಿನಿಂದ ಆ ಋತುವಿನ ಮಟ್ಟಿಗೆ ಅವನು ಹಿಂದೆ ಸರಿದರೂ ಗೆದ್ದವನಿಗೆ ಲಾಭವೇ.

ಕಾಯುವ ಅಣು, ಕಾಡುವ ವಿಷ

ಈ ವಿಷ ಪ್ಲಾಟಿಪಸ್‌ನ ಮೈಯಲ್ಲಿ ಹುಟ್ಟಿದ ಬಗೆಯೂ ಸೋಜಿಗವೇ. 2008ರಲ್ಲಿ ವಿಜ್ಞಾನಿಗಳ ದೊಡ್ಡ ತಂಡವೊಂದು ಪ್ಲಾಟಿಪಸ್‌ನ ವಂಶವಾಹಿ ನಕ್ಷೆಯನ್ನು ಪ್ರಕಟಿಸಿತು. ವಿಷದ ಕೆಲವು ಮುಖ್ಯ ಪ್ರೋಟೀನುಗಳು ‘ಡಿಫೆನ್ಸಿನ್’ ಎಂಬ ಅಣುಗಳ ಕುಲದವು ಎಂದು ತಿಳಿಯಿತು. ಡಿಫೆನ್ಸಿನ್‌ಗಳು ನಮ್ಮ ಮೈಯಲ್ಲೂ ಇವೆ. ಚರ್ಮಕ್ಕೆ, ಬಾಯಿಗೆ, ಕರುಳಿಗೆ ನುಗ್ಗುವ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕಾವಲುಗಾರರು ಅವು.

ಕಾವಲುಗಾರ ವಿಷವಾದದ್ದು ಹೇಗೆ? ಮನೆಯಲ್ಲಿ ಒಂದೇ ಕುಡುಗೋಲು ಇದ್ದರೆ ಅದನ್ನು ಹುಲ್ಲು ಕೊಯ್ಯಲು ಹಾಗೇ ಇಟ್ಟುಕೊಳ್ಳಬೇಕು. ಎರಡನೆಯದೊಂದು ಸಿಕ್ಕರೆ ಅದನ್ನು ಬಗ್ಗಿಸಿ ತಟ್ಟಿ ಬೇರೆ ಕೆಲಸಕ್ಕೆ ಒದಗಿಸಿಕೊಳ್ಳಬಹುದು. ವಂಶವಾಹಿಗಳ ನಕಲು ಆಗುವಾಗ ಕೆಲವೊಮ್ಮೆ ಒಂದಿದ್ದದ್ದು ಎರಡಾಗುತ್ತದೆ. ಮೂಲ ಪ್ರತಿ ಹಳೆಯ ಕೆಲಸ ಮಾಡುತ್ತಿದ್ದರೆ ಹೆಚ್ಚುವರಿ ಪ್ರತಿ ಬದಲಾಗುತ್ತ ಹೋಗಬಹುದು. ಅಂಥ ಬದಲಾದ ಪ್ರತಿಗಳೇ ಪ್ಲಾಟಿಪಸ್‌ನ ವಿಷಗ್ರಂಥಿಯಲ್ಲಿ ಕೆಲಸ ಮಾಡುತ್ತಿವೆ. ಕೆಲವು ಹಾವುಗಳ ವಿಷದಲ್ಲೂ ಇದೇ ಕುಲದಿಂದ ಬಂದ ಅಣುಗಳಿವೆ. ಹಾಗೆಂದು ಪ್ಲಾಟಿಪಸ್ ಹಾವಿನಿಂದ ವಿಷ ಪಡೆದಿಲ್ಲ. ಎರಡೂ ಬೇರೆ ಬೇರೆಯಾಗಿ ಅದೇ ಹಾದಿ ಹಿಡಿದವು. ಬೇರೆ ಬೇರೆ ಊರಿನ ಕಮ್ಮಾರರು ಒಂದೇ ಬಗೆಯ ಕಬ್ಬಿಣದಿಂದ ಒಂದೇ ಬಗೆಯ ಕತ್ತಿ ಮಾಡಿದಂತೆ.

ಕಾಲುಮುಳ್ಳು ಪ್ಲಾಟಿಪಸ್‌ನ ಹೊಸ ಸೊತ್ತೂ ಅಲ್ಲ. ಡೈನೋಸಾರ್‌ಗಳ ಕಾಲದ ಹಲವು ಸಸ್ತನಿಗಳ ಪಳೆಯುಳಿಕೆಗಳಲ್ಲಿ ಹಿಂಗಾಲಿನ ಇಂಥದೇ ಮುಳ್ಳು ಸಿಕ್ಕಿದೆ ಎಂದು 2006ರಲ್ಲಿ ತಜ್ಞರು ತೋರಿಸಿದರು. ಆಗ ಅದು ದೊಡ್ಡ ಪ್ರಾಣಿಗಳಿಂದ ಪಾರಾಗಲು ನೆರವಾಗಿರಬಹುದು. ಹಳೆಯ ಆಯುಧ ಪ್ಲಾಟಿಪಸ್‌ನಲ್ಲಿ ಹೊಸ ಕಾಳಗಕ್ಕೆ ಒದಗಿತು. ಪ್ಲಾಟಿಪಸ್‌ನ ನೆಂಟ, ಮುಳ್ಳುಮೈಯ ಎಕಿಡ್ನಾಗೂ ಈ ಕಾಲುಮುಳ್ಳು ಇದೆ. ಆದರೆ ಅದು ಅದರಿಂದ ವಿಷ ಚುಚ್ಚುವುದಿಲ್ಲ.

ಸ್ವಜಾತಿಯ ಜಗಳಕ್ಕೆ ವಿಷ ಬಳಸುವುದರಲ್ಲಿ ಪ್ಲಾಟಿಪಸ್ ಒಂಟಿಯಲ್ಲ. ಕರ್ನಾಟಕದ ಕುರುಚಲು ಕಾಡುಗಳಲ್ಲಿರುವ ಕಾಡುಪಾಪಕ್ಕೆ ‘ಸ್ಲೋ ಲೋರಿಸ್’ ಎಂಬ ನೆಂಟರಿದ್ದಾರೆ. ನಮ್ಮ ಈಶಾನ್ಯ ರಾಜ್ಯಗಳಿಂದ ಇಂಡೋನೇಷ್ಯಾದವರೆಗೆ ಇವುಗಳ ವಾಸ. ಮೊಣಕೈ ಬಳಿಯ ಗ್ರಂಥಿಯ ದ್ರವವನ್ನು ನೆಕ್ಕಿ, ಎಂಜಲಿನೊಡನೆ ಬೆರೆಸಿ ಕಚ್ಚುವುದು ಇವುಗಳ ಪದ್ಧತಿ. ಜಾವಾ ದ್ವೀಪದ ಲೋರಿಸ್‌ಗಳು ಈ ವಿಷವನ್ನು ಮುಖ್ಯವಾಗಿ ತಮ್ಮತಮ್ಮೊಳಗಿನ ಕಾದಾಟಕ್ಕೆ ಬಳಸುತ್ತವೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಕಳೆದುಹೋದ ಕಪ್ಪೆ

ಪ್ಲಾಟಿಪಸ್‌ನ ವಿಷ ಬರಿಯ ಕುತೂಹಲದ ಸಂಗತಿಯಲ್ಲ. ನಾವು ಉಂಡಾಗ ಕರುಳಿನಿಂದ ‘ಜಿಎಲ್‌ಪಿ-1’ ಎಂಬ ಹಾರ್ಮೋನು ಹೊರಡುತ್ತದೆ. ಇನ್ಸುಲಿನ್ ಬಿಡುಗಡೆಗೆ ಅದು ಪ್ರಚೋದನೆ. ಆದರೆ ಮನುಷ್ಯರಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ಪ್ಲಾಟಿಪಸ್‌ನಲ್ಲಿ ಅದೇ ಹಾರ್ಮೋನು ವಿಷದಲ್ಲೂ ಇದೆ, ಮತ್ತು ಅಷ್ಟು ಬೇಗ ಒಡೆಯುವುದಿಲ್ಲ ಎಂದು 2016ರಲ್ಲಿ ಅಡಿಲೇಡ್ ನಗರದ ವಿಜ್ಞಾನಿಗಳು ಕಂಡುಕೊಂಡರು. ಸಕ್ಕರೆ ಕಾಯಿಲೆಯ ಚಿಕಿತ್ಸೆಗೆ ಇದರಿಂದ ದಾರಿ ಸಿಗಬಹುದೆಂಬ ಆಸೆ ಹುಟ್ಟಿದೆ. ಔಷಧ ಕೈಗೆ ಬಂದಿಲ್ಲ; ಪಾಠ ಸಿಕ್ಕಿದೆ.

ಇಂಥ ಪಾಠ ಕೈತಪ್ಪಿಹೋಗುವುದು ಎಷ್ಟು ಸುಲಭ ಎಂಬುದಕ್ಕೂ ಯಂಗೆಲ್ಲಾವೇ ಸಾಕ್ಷಿ. 1984ರಲ್ಲಿ ಇದೇ ಬೆಟ್ಟದ ತೊರೆಗಳಲ್ಲಿ ಒಂದು ಕಪ್ಪೆ ಪತ್ತೆಯಾಯಿತು. ತಾಯಿಕಪ್ಪೆ ತನ್ನ ಮೊಟ್ಟೆಗಳನ್ನು ನುಂಗಿ, ಹೊಟ್ಟೆಯಲ್ಲೇ ಮರಿ ಮಾಡಿ, ಬಾಯಿಯಿಂದ ಹೊರಹಾಕುತ್ತಿತ್ತು. ಜಠರ ತನ್ನೊಳಗಿನ ಮರಿಗಳನ್ನು ಜೀರ್ಣಿಸದೆ ಬಿಡುವುದು ಹೇಗೆ ಎಂದು ತಿಳಿದಿದ್ದರೆ ಹೊಟ್ಟೆಹುಣ್ಣಿನ ಚಿಕಿತ್ಸೆಗೆ ನೆರವಾಗುತ್ತಿತ್ತೇನೋ. 1985ರ ನಂತರ ಆ ಕಪ್ಪೆಯನ್ನು ಯಾರೂ ಕಂಡಿಲ್ಲ. ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರ ರೋಗವೇ ಕಾರಣವಿರಬೇಕೆಂದು ತಜ್ಞರ ಅಭಿಪ್ರಾಯ. ರಾಷ್ಟ್ರೀಯ ಉದ್ಯಾನದ ಬೇಲಿ ಅದನ್ನು ತಡೆಯಲಿಲ್ಲ.

ಪ್ಲಾಟಿಪಸ್ ಇನ್ನೂ ಉಳಿದಿದೆ. ಆದರೆ ಅಣೆಕಟ್ಟುಗಳು ಹೊಳೆಗಳನ್ನು ತುಂಡರಿಸಿವೆ. ಬರ ಬಂದರೆ ಮಡುಗಳು ಬತ್ತುತ್ತವೆ. ಏಡಿ, ಸಿಗಡಿ ಹಿಡಿಯಲು ಇಟ್ಟ ಮುಚ್ಚಿದ ಬಲೆಗಳಲ್ಲಿ ಸಿಕ್ಕಿ, ಉಸಿರಿಗೆ ಮೇಲೆ ಬರಲಾಗದೆ ಪ್ಲಾಟಿಪಸ್‌ಗಳು ಸಾಯುತ್ತವೆ. ಎದುರಾಳಿಯನ್ನು ನೋವಿನಲ್ಲಿ ಮುಳುಗಿಸುವ ಮುಳ್ಳು ಇವುಗಳೆದುರು ನಿರುಪಯೋಗಿ. 2016ರಲ್ಲಿ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದು ಅಪಾಯದ ಅಂಚಿಗೆ ಬಂದ ಪ್ರಾಣಿಯೆಂದು ಸೇರಿತು. 2021ರಲ್ಲಿ ವಿಕ್ಟೋರಿಯಾ ರಾಜ್ಯ ಅದನ್ನು ಆಪತ್ತಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ಸುದ್ದಿಯೂ ಇದೆ. ಸಿಡ್ನಿ ಪಕ್ಕದ ರಾಯಲ್ ರಾಷ್ಟ್ರೀಯ ಉದ್ಯಾನದಿಂದ ದಶಕಗಳ ಹಿಂದೆ ಮರೆಯಾಗಿದ್ದ ಪ್ಲಾಟಿಪಸ್‌ಗಳನ್ನು 2023ರಲ್ಲಿ ಅಲ್ಲಿಗೆ ಮರಳಿ ತಂದು ಬಿಡಲಾಯಿತು.

ಹೋಗುವವರಿಗೆ

ಬೆಂಗಳೂರಿನಿಂದ ಸಿಡ್ನಿಗೆ 2022ರಲ್ಲಿ ನೇರ ವಿಮಾನ ಆರಂಭವಾಯಿತು. ಸಿಡ್ನಿಯಿಂದ ಬ್ರಿಸ್ಬೇನ್ ಮಾರ್ಗವಾಗಿ ಮಕಾಯ್‌ಗೆ ವಿಮಾನದಲ್ಲಿ ಹೋಗಬಹುದು. ಅಲ್ಲಿಂದ ಬೆಟ್ಟಕ್ಕೆ ಕಾರಿನಲ್ಲಿ ಹೋಗುವುದೇ ಅನುಕೂಲ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಚಳಿಗಾಲ. ಬೆಚ್ಚನೆಯ ಬಟ್ಟೆ ಬೇಕು. ಒಂದು ರಾತ್ರಿಯಾದರೂ ಬೆಟ್ಟದ ಮೇಲೆ ಉಳಿದರೆ ಸಂಜೆ ಮತ್ತು ನಸುಕು ಎರಡೂ ಸಿಗುತ್ತವೆ. ಮಕ್ಕಳಿಗೆ ಮೌನವಾಗಿರಲು ಮೊದಲೇ ಹೇಳಿರಬೇಕು. ಕ್ಯಾಮೆರಾದ ಫ್ಲಾಷ್ ಬೇಡ. ಒಂದು ದುರ್ಬೀನು ಜೊತೆಗಿರಲಿ. ದಂಡೆಯಲ್ಲಿ ಪ್ಲಾಟಿಪಸ್ ಸಿಕ್ಕರೂ ಮುಟ್ಟಬಾರದು. ಅದು ಗಂಡೋ ಹೆಣ್ಣೋ ಎಂದು ದೂರದಿಂದ ತಿಳಿಯುವುದಿಲ್ಲ, ಕೈಯಲ್ಲಿ ಹಿಡಿದು ತಿಳಿಯಲು ಹೋಗುವುದು ಜಾಣತನವಲ್ಲ!